ಪ್ಲೇಲಿಸ್ಟ್‌ನಲ್ಲಿದ್ದ ಹಳೇ ಹಾಡುಗಳು ಬೂದು ಬಣ್ಣ ಆಗ್ಯಾವೆ, ಒತ್ತಿದ್ರೆ ಹಾಡಲ್ಲ. ಏನ್ಮಾಡ್ಬೇಕು?

ಕೀಬೋರ್ಡ್_ದಾವಣಗೆರೆ:

ಎಲ್ರಿಗೂ ನಮಸ್ಕಾರ. ನಮ್ದು ರಸಮಂಜರಿ ತಂಡ, ನಾನು ಕೀಬೋರ್ಡ್ ನುಡಿಸ್ತೀನಿ. ಗಣಪತಿ ಹಬ್ಬ ಹತ್ರ ಬಂತು, ಪ್ರಾಕ್ಟೀಸ್ ಶುರುವಾಗೈತಿ. ನಂದು ನೊಟೇಶನ್ ನೋಡಿ ಕಲಿತ ವಿದ್ಯೆ ಅಲ್ಲ, ಎಲ್ಲಾ ಕಿವಿ ಮೇಲೆ. ಮೂಲ ಹಾಡು ಹಾಕ್ಕೊಂಡು, ಪಲ್ಲವಿ ಆದ್ಮೇಲೆ ಬರೋ ವಯಲಿನ್ ಬಿಜಿಎಂ, ಚರಣಕ್ಕೆ ಮುಂಚೆ ಬರೋ ಕೊಳಲು, ಇವನ್ನ ಹಿಂದಕ್ಕೆ ಮುಂದಕ್ಕೆ ಮಾಡಿ ಮಾಡಿ ಕೈಗೆ ಕೂರಿಸ್ಕೊಳ್ಳೋದು. ಅದಕ್ಕಂತಾನೇ ವರ್ಷಗಟ್ಟಲೆ ಕೂಡಿಸಿದ ಪ್ಲೇಲಿಸ್ಟ್ ಒಂದೈತಿ. 60, 70ರ ದಶಕದ ಸಿನಿಮಾ ಹಾಡುಗಳು, ಭಾವಗೀತೆ, ಒಂದಿಷ್ಟು ದಾಸರ ಪದ.

ಈಗ ನೋಡಿದ್ರೆ ಸುಮಾರು ಹಾಡು ಬೂದು ಬಣ್ಣಕ್ಕೆ ತಿರುಗ್ಯಾವೆ. ಹೆಸರು ಕಾಣಿಸ್ತೈತಿ, ಒತ್ತಿದ್ರೆ "ಲಭ್ಯವಿಲ್ಲ" ಅಂತ ಬರ್ತೈತಿ. ಡೌನ್‌ಲೋಡ್ ಮಾಡಿಟ್ಟಿದ್ದವೂ ಹೋದ್ವು, ಅದೇ ಹೊಟ್ಟೆ ಉರಿ. ದುಡ್ಡು ಕಟ್ಟೋ ಖಾತೆ ಇದು, ಬಿಟ್ಟಿ ಅಲ್ಲ. ಇನ್ನೊಂದು ತಮಾಷೆ: ಅದೇ ಹಾಡು ಹುಡುಕಿದ್ರೆ ಯಾರೋ ಈಗಿನ ಹುಡುಗ ಹಾಡಿದ್ದು ಸಿಗ್ತೈತಿ. ಶ್ರುತಿ ಬೇರೆ, ಬಿಜಿಎಂ ಪೂರ್ತಿ ಬೇರೆ. ನಮ್ಮ ಜನ ಮೂಲದಲ್ಲಿದ್ದ ಕೊಳಲು ಬರ್ಲಿಲ್ಲ ಅಂದ್ರೆ ಸ್ಟೇಜ್ ಹತ್ರಾನೇ ಬಂದು ಕೇಳ್ತಾರೆ.

ಆ್ಯಪ್ ಹೆಸರು ಬೇಡ ಬಿಡಿ, ಜಗಳ ಆಗ್ತೈತಿ. ಯಾಕೆ ಹಿಂಗೆ, ಸರಿ ಮಾಡೋದು ಹೆಂಗೆ ಅಂತ ಗೊತ್ತಿದ್ದೋರು ಹೇಳ್ರಪಾ.

ಚಿಲ್_ಮಗಾ:

ಸಿಂಪಲ್ ಬ್ರೋ, ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಹಾಕ್ಕೊಳ್ಳಿ. ನಂದು ಹಾಗೇ ಸರಿ ಹೋಯ್ತು.

ಆಡಿಯೋ_ಕಂಪನಿ_ನೌಕರ:

ದಯವಿಟ್ಟು ಅನ್‌ಇನ್‌ಸ್ಟಾಲ್ ಮಾತ್ರ ಮಾಡಬೇಡಿ ಅಣ್ಣ! ಮಾಡಿದರೆ ಇನ್ನೂ ನುಡೀತಿರೋ ಡೌನ್‌ಲೋಡ್‌ಗಳೂ ಅಳಿಸಿಹೋಗುತ್ತವೆ. ಅದು ಕೊನೆಯ ಮದ್ದು, ಮೊದಲನೆಯದಲ್ಲ.

ನಾನು ಬೆಂಗಳೂರಿನ ಒಂದು ಆಡಿಯೋ ಕಂಪನಿಯಲ್ಲಿ ಹಾಡುಗಳನ್ನು ಆ್ಯಪ್‌ಗಳಿಗೆ ಕಳಿಸೋ ಕೆಲಸ ಮಾಡ್ತಿದ್ದೆ. ಬೂದು ಬಣ್ಣದ ಬಗ್ಗೆ ಬೈಗುಳದ ಮೇಲ್‌ಗಳೆಲ್ಲ ನಮ್ಮ ಟೇಬಲ್ಲಿಗೇ ಬರೋದು, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ.

ಮೊದಲು ತೊಂದರೆ ನಿಮ್ಮ ಕಡೆಯದೋ ಹಾಡಿನ ಕಡೆಯದೋ ನೋಡಿ. ಬೂದಾಗಿರೋ ಹಾಡಿನ ಲಿಂಕನ್ನು ಅದೇ ಆ್ಯಪ್ ಬಳಸೋ ಇನ್ನೊಬ್ಬರಿಗೆ ವಾಟ್ಸಾಪ್ ಮಾಡಿ. ಅವರ ಫೋನಲ್ಲಿ ಹಾಡಿದರೆ ಸಮಸ್ಯೆ ನಿಮ್ಮ ಖಾತೆ ಅಥವಾ ಫೋನಿಂದು. ಆಗ ನೋಡಬೇಕಾದ್ದು: ಆಫ್‌ಲೈನ್ ಮೋಡ್ ಆನ್ ಆಗಿದೆಯಾ, ಪ್ಲಾನ್ ಮುಗಿದಿದೆಯಾ, ಖಾತೆ ಯಾವ ದೇಶದ್ದು. ಡೌನ್‌ಲೋಡ್ ಅಂದರೆ ಹಾಡು ನಿಮ್ಮದಾಯ್ತು ಅಂತಲ್ಲ. ಸ್ಪಾಟಿಫೈನಲ್ಲಿ 30 ದಿನಕ್ಕೊಮ್ಮೆಯಾದರೂ ಫೋನ್ ನೆಟ್ಟಿಗೆ ಬರಲೇಬೇಕು, ಇಲ್ಲದಿದ್ದರೆ ಡೌನ್‌ಲೋಡ್ ಮಾಡಿದ್ದೂ ಹಾಡಲ್ಲ. ನೆಟ್ಟಿಗೆ ಬಂದಾಗ ಆ ಹಾಡಿನ ಪರವಾನಗಿ ಮುಗಿದಿದ್ದರೆ ಆಗಲೂ ಹೋಗುತ್ತೆ.

ಅವರ ಫೋನಲ್ಲೂ ಹಾಡದಿದ್ದರೆ ಅದು ಹಕ್ಕಿನ ವಿಷಯ. ಅಸಲಿ ಕಥೆ ಅಲ್ಲೇ ಇರೋದು.

ನಿಮ್ಮ ಪ್ಲೇಲಿಸ್ಟ್‌ನಲ್ಲಿ ಹಾಡು ಇರಲ್ಲ, ಹಾಡಿನ ನಂಬರ್ ಇರುತ್ತೆ. ಕಂಪನಿ ಆ ಹಾಡನ್ನು ಒಬ್ಬ ವಿತರಕನಿಂದ (ಹಾಡನ್ನು ಆ್ಯಪ್‌ಗಳಿಗೆ ತಲುಪಿಸೋನು) ಬಿಡಿಸಿ ಇನ್ನೊಬ್ಬನ ಮೂಲಕ ಮತ್ತೆ ಹಾಕಿದರೆ ಆ್ಯಪ್‌ನಲ್ಲಿ ಹೊಸ ನಂಬರ್ ಬೀಳುತ್ತೆ. ಪ್ಲೇಲಿಸ್ಟ್ ಮಾತ್ರ ಹಳೇ ನಂಬರ್ ಹಿಡ್ಕೊಂಡು ಕೂತಿರುತ್ತೆ. ಹಾಡು ಅಲ್ಲೇ ಪಕ್ಕದಲ್ಲಿದ್ದರೂ ನಿಮಗೆ ಬೂದು.

ಇದು ಆಗಬಾರದು ಅಂತಲೇ ಐಎಸ್‌ಆರ್‌ಸಿ ಅಂತ ಒಂದು ಸಂಕೇತ ಇದೆ. ಒಂದೊಂದು ರೆಕಾರ್ಡಿಂಗಿಗೂ 12 ಅಕ್ಷರ-ಅಂಕಿ. ಮೊದಲ ಎರಡು ದೇಶದ್ದು (ನಮ್ಮದು ಐಎನ್), ಆಮೇಲಿನ ಮೂರು ಆ ಸಂಕೇತ ಪಡೆದ ಕಂಪನಿಯದ್ದು, ಮುಂದಿನ ಎರಡು ಅಂಕಿ ವರ್ಷವನ್ನು ಹೇಳೋವು, ಕೊನೆಯ ಐದು ಕ್ರಮಸಂಖ್ಯೆ. ಹಾಡು ಯಾರ ಕೈಗೆ ಹೋದರೂ ಈ ಸಂಕೇತ ಬದಲಾಗಬಾರದು. ಬದಲಾಗದಿದ್ದರೆ ಹಳೇ ನಂಬರನ್ನು ಆ್ಯಪ್ ತಾನೇ ಹೊಸದಕ್ಕೆ ಜೋಡಿಸೋ ಸಾಧ್ಯತೆ ಹೆಚ್ಚು, ನಿಮಗೆ ಗೊತ್ತೂ ಆಗಲ್ಲ. ಆದರೆ ಕ್ಯಾಸೆಟ್ ಕಾಲದ ಸಣ್ಣ ಕಂಪನಿಗಳ ಎಕ್ಸೆಲ್ ಶೀಟ್ ನೋಡಿದವರಿಗೇ ಗೊತ್ತು ಅದರ ಅವಸ್ಥೆ. ಹಳೇ ಸಂಕೇತ ಯಾರೂ ಬರೆದಿಟ್ಟಿರಲ್ಲ, ವಿತರಕ ಕೇಳಿದ ತಕ್ಷಣ ಹೊಸದು ಕೊಟ್ಟುಬಿಡ್ತಾರೆ. ನಿಮ್ಮ ಭಾವಗೀತೆಗಳದ್ದು ಇದೇ ಕಥೆ ಇರಬೇಕು.

ಹುಡುಕೋದು ಹೀಗೆ. ಹಾಡಿನ ಹೆಸರಿನಿಂದ ಹುಡುಕಬೇಡಿ, ಚಿತ್ರದ ಅಥವಾ ಕ್ಯಾಸೆಟ್ಟಿನ ಹೆಸರಿನಿಂದ ಹುಡುಕಿ. ಕನ್ನಡ ಹಾಡಿನ ಸಾಲನ್ನು ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆದಿರ್ತಾರೆ, ದೀರ್ಘಕ್ಕೆ ಒಬ್ಬ ಎರಡು ಎ ಹಾಕಿದರೆ ಇನ್ನೊಬ್ಬ ಒಂದೇ. ಒಂದೇ ರೆಕಾರ್ಡಿಂಗ್ ಚಿತ್ರದ ಆಲ್ಬಮ್‌ನಲ್ಲೂ ಇರುತ್ತೆ, ನಾಯಕನ ಹಿಟ್ಸ್‌ನಲ್ಲೂ, ಗಾಯಕಿಯ ಹಿಟ್ಸ್‌ನಲ್ಲೂ. ಒಂದು ಬೂದಾದರೆ ಇನ್ನೊಂದು ನುಡೀತಿರಬಹುದು. ಸಿಕ್ಕಿದ್ದು ಅದೇ ರೆಕಾರ್ಡಿಂಗ್ ಹೌದೋ ಅಲ್ವೋ ಅನ್ನೋಕೆ ಅವಧಿ ನೋಡಿ. ಒಂದೆರಡು ಸೆಕೆಂಡ್ ವ್ಯತ್ಯಾಸ ಪರವಾಗಿಲ್ಲ, ಅರ್ಧ ನಿಮಿಷ ಅಂದರೆ ಬೇರೆ. ಆಲ್ಬಮ್ ಪುಟದ ತಳದಲ್ಲಿ ವೃತ್ತದೊಳಗೆ ಪಿ ಅಕ್ಷರ ಇರೋ ಸಾಲು ಓದಿ, ರೆಕಾರ್ಡಿಂಗ್ ಯಾರದ್ದು ಅಂತ ಅಲ್ಲಿರುತ್ತೆ. ಗ್ರಾಮಫೋನ್ ಕಂಪನಿ ಅಂದರೆ ಎಚ್‌ಎಂವಿ ತೆಗೆದ ಹಾಡಾಗಿದ್ದರೆ ಈಗ ಅಲ್ಲಿ ಸರೆಗಮ ಅಂತ ಇರಬೇಕು. ಕೇಳರಿಯದ ಯಾವುದೋ ಹೆಸರಿದ್ದರೆ ಅನುಮಾನ ಪಡಿ.

ಬೂದಾದ ಹಾಡನ್ನು ಪಟ್ಟಿಯಿಂದ ತೆಗೆಯಬೇಡಿ. ಕಂಪನಿಗೂ ಆ್ಯಪ್‌ಗೂ ಜಗಳವಾಗಿ ಹೋದ ಹಾಡು ಸಂಧಾನವಾದರೆ ವಾಪಸ್ ಬರುತ್ತೆ. ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದ ಸ್ವಲ್ಪ ದಿನಕ್ಕೇ ಸರೆಗಮ ದೆಹಲಿ ಹೈಕೋರ್ಟಿಗೆ ಹೋಗಿ, ಅವರ ಹಾಡೆಲ್ಲ ಅಲ್ಲಿಂದ ಇಳಿದಿದ್ದವು. 2020ರಲ್ಲಿ ಒಪ್ಪಂದ ಆಯ್ತು, ಹಾಡುಗಳು ಬಂದವು.

ಸಂಗೀತ_ಪಾಠ_ಸಾಗರ:

ನನ್ನದೊಂದು ಸೇರಿಸುತ್ತೇನೆ. ನಾನು ಮಕ್ಕಳಿಗೆ ಸುಗಮ ಸಂಗೀತ ಹೇಳಿಕೊಡುವವಳು. ನನ್ನ ಪಟ್ಟಿಯಲ್ಲಿ ಹಾಡುಗಳು ಬೂದಾಗುವುದಿರಲಿ, ಕಾಣುವುದೇ ಇಲ್ಲ. ಯಾವುದು ಹೋಯಿತು ಎಂದೇ ತಿಳಿಯದೆ ಒದ್ದಾಡುತ್ತಿದ್ದೆ. ಸ್ಪಾಟಿಫೈನಲ್ಲಿ ಸಿಗದ ಹಾಡನ್ನು ತಾನಾಗಿಯೇ ಮರೆಮಾಡುವ ಅಭ್ಯಾಸ ಇದೆಯಂತೆ. ಸೆಟ್ಟಿಂಗ್ಸ್‌ನಲ್ಲಿ "ಲಭ್ಯವಿಲ್ಲದ ಹಾಡುಗಳನ್ನೂ ತೋರಿಸು" ಎಂಬರ್ಥದ ಬಟನ್ ಒತ್ತಿದರೆ ಪೂರ್ತಿ ಪಟ್ಟಿ ಬರುತ್ತದೆ. ಮಗಳು ಹುಡುಕಿ ಕೊಟ್ಟಳು.

ಕಂಪನಿಯವರಿಗೆ ನನ್ನ ಪ್ರಶ್ನೆ: ಬೇರೆಯವರು ಹಾಡಿದ್ದನ್ನು ಅದೇ ಹೆಸರಲ್ಲಿ ಹಾಕಲು ಕಾನೂನು ಬಿಡುತ್ತದೆಯೇ? ಮಕ್ಕಳು ಅದನ್ನೇ ಮೂಲ ಎಂದುಕೊಂಡು ಕಲಿತು ಬರುತ್ತಾರೆ, ತಿದ್ದುವಷ್ಟರಲ್ಲಿ ನನಗೆ ಸಾಕು ಬೇಕಾಗುತ್ತದೆ.

ಆಡಿಯೋ_ಕಂಪನಿ_ನೌಕರ:

ಬಿಡುತ್ತೆ ಮೇಡಂ, ಆದರೆ ಷರತ್ತಿನ ಮೇಲೆ. 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 31ಸಿ ಅಂತ ಕಲಮು ಸೇರಿದೆ. ಮೂಲ ರೆಕಾರ್ಡಿಂಗ್ ಆದ ವರ್ಷ ಮುಗಿದು ಐದು ವರ್ಷ ಕಳೆದ ಮೇಲೆ, ಹಕ್ಕುದಾರರಿಗೆ ಮುಂಚಿತವಾಗಿ ತಿಳಿಸಿ, ರಾಯಧನ ಕಟ್ಟಿ ಮತ್ತೆ ಹಾಡಿಸಬಹುದು. ಆ ಕಲಮಿನಡಿ ಮಾಡಿದ್ದಾದರೆ ಮೂಲ ಗಾಯಕರ ಹೆಸರನ್ನಾಗಲಿ ಚಿತ್ರವನ್ನಾಗಲಿ ಹಾಕೋ ಹಾಗಿಲ್ಲ, ಇದು ಕವರ್ ಅಂತ ಮುಖಪುಟದಲ್ಲೇ ಬರೀಬೇಕು. ಪಾಲಿಸೋರು ಎಷ್ಟು ಜನ ಅಂತ ನನ್ನ ಬಾಯಿಂದ ಬೇಡ.

ಬಾನುಲಿಗೆ ಕಾನೂನಿನಡಿ ನಿಗದಿಯಾದ ದರ ಕಟ್ಟಿ ಹಾಡು ಹಾಕೋ ದಾರಿ ಇದೆ, ಕಲಮು 31ಡಿ. ಆ್ಯಪ್‌ಗಳೂ ಅದನ್ನೇ ಕೇಳಿದ್ದವು. ಅದು ಅಂತರ್ಜಾಲಕ್ಕೆ ಅನ್ವಯಿಸಲ್ಲ ಅಂತ ಬಾಂಬೆ ಹೈಕೋರ್ಟ್ 2019ರಲ್ಲಿ ಟಿಪ್ಸ್ (ಆಡಿಯೋ ಕಂಪನಿ) ಮತ್ತು ವಿಂಕ್ (ಹಾಡಿನ ಆ್ಯಪ್) ಮೊಕದ್ದಮೆಯಲ್ಲಿ ಹೇಳಿತು, 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಹಾಗಾಗಿ ಆ್ಯಪ್ ಒಂದೊಂದು ಕಂಪನಿ ಜೊತೆಗೂ ಬೇರೆ ಬೇರೆ ಚೌಕಾಸಿ ಮಾಡಬೇಕು. ಆ ಒಪ್ಪಂದ ಮುರಿದ ದಿನ ಬೂದು. ನನ್ನ ಅಭಿಪ್ರಾಯ ಕೇಳಿದರೆ ಹೈಕೋರ್ಟ್ ಹೇಳಿದ್ದು ಸರಿ. ಹಾಡು ಮಾಡಿಸಿದವನಿಗೆ ದರ ಕೇಳೋ ಹಕ್ಕಿರಬೇಕು. ಕೇಳುಗರಿಗೆ ಕಷ್ಟ, ಒಪ್ಪುತ್ತೀನಿ.

ಮ್ಯೂನಿಕ್_ಕನ್ನಡಿಗ:

ದೇಶದ ವಿಷಯ ಹಗುರ ಮಾಡಬೇಡಿ. ನಾನಿಲ್ಲಿಗೆ ಬಂದು ಖಾತೆಯ ದೇಶ ಬದಲಾಯಿಸಿದ ಮೇಲೆ ಕನ್ನಡದ್ದು ಒಂದಿಷ್ಟು ಬೂದಾಯ್ತು, ಅಲ್ಲಿ ಸಿಗದ ಒಂದೆರಡು ಇಲ್ಲಿ ಸಿಕ್ತು. ಹಕ್ಕನ್ನು ದೇಶ ದೇಶಕ್ಕೆ ಹಂಚಿರ್ತಾರೆ. ಫೋನ್ ಎಲ್ಲಿದೆ ಅನ್ನೋದಕ್ಕಿಂತ ಖಾತೆ ಯಾವ ದೇಶದ್ದು ಅನ್ನೋದೇ ಮುಖ್ಯ. ದಾವಣಗೆರೆ ಅಣ್ಣ, ನಿಮ್ಮ ಖಾತೆ ಎಲ್ಲಿ ಮಾಡಿಸಿದ್ದು?

ಕೀಬೋರ್ಡ್_ದಾವಣಗೆರೆ:

ಅಲ್ಲೇ ಸಿಕ್ತು ನೋಡ್ರಿ. ದುಬೈನಲ್ಲಿ ಹೋಟೆಲ್ ಬ್ಯಾಂಡ್‌ನಲ್ಲಿ ನುಡಿಸ್ತಿದ್ದಾಗ ಮಾಡಿಸಿದ ಖಾತೆ ಇದು. ಅಲ್ಲಿರೋ ಗೆಳೆಯನ ಕಾರ್ಡಿಂದಾನೇ ಇನ್ನೂ ದುಡ್ಡು ಹೋಗ್ತೈತಿ, ನಾನಿಲ್ಲಿಂದ ಅವರ ಮನೆಯೋರಿಗೆ ಫೋನ್‌ಪೇ ಮಾಡ್ತೀನಿ. ಇಲ್ಲಿ ಕೂತು ಕೇಳೋದಕ್ಕೂ ಅದಕ್ಕೂ ಏನು ಸಂಬಂಧ ಅಂತ ತಲೆಗೇ ಹೋಗಿರಲಿಲ್ಲ.

ನೀವು ಹೇಳಿದಂಗೆ ಲಿಂಕುಗಳನ್ನ ನಮ್ಮ ಮನೆಯವಳ ಫೋನಿಗೆ ಕಳಿಸಿದೆ, ಅವಳದು ಇಲ್ಲಿಂದೇ ಬಿಟ್ಟಿ ಖಾತೆ. ಸಿನಿಮಾ ಹಾಡು ಮುಕ್ಕಾಲು ಪಾಲು ಅಲ್ಲಿ ಹಾಡ್ತಾವೆ! ಭಾವಗೀತೆ ಅವಳ ಫೋನಲ್ಲೂ ಬೂದು. ಅವನ್ನ ಕ್ಯಾಸೆಟ್ ಹೆಸರಿಂದ ಹುಡುಕಿದ್ರೆ ಕೆಲವು ಬೇರೆ ಆಲ್ಬಮ್‌ನಲ್ಲಿ ಸಿಕ್ಕವು, ಸೆಕೆಂಡ್ ಲೆಕ್ಕಾನೂ ಕೂಡಿ ಬಂತು, ಕೊಳಲೂ ಅದೇ. ದಾಸರ ಪದ ಮಾತ್ರ ಎಲ್ಲೂ ಇಲ್ಲ. ಈಗ ಖಾತೆ ದೇಶ ಬದಲಿಸಿದ್ರೆ ಪ್ಲೇಲಿಸ್ಟ್ ಹೋಗ್ತೈತೇನು?

ಮ್ಯೂನಿಕ್_ಕನ್ನಡಿಗ:

ಸ್ಪಾಟಿಫೈ ಆದರೆ ಹೋಗಲ್ಲ. ಈಗಿನ ಪ್ಲಾನ್ ರದ್ದು ಮಾಡಿ, ಕಟ್ಟಿದ ಅವಧಿ ಮುಗಿಯೋವರೆಗೆ ಬಳಸಿ. ಆಮೇಲೆ ಬ್ರೌಸರ್‌ನಲ್ಲಿ ಖಾತೆಯ ಪುಟಕ್ಕೆ ಹೋಗಿ ದೇಶ ಭಾರತ ಅಂತ ಬದಲಿಸಿ, ಭಾರತದ ಕಾರ್ಡ್ ಅಥವಾ ಯುಪಿಐನಿಂದ ಹೊಸದಾಗಿ ಕಟ್ಟಿ. ನೀವು ಭಾರತದಲ್ಲಿದ್ದಾಗಲೇ ಮಾಡಬೇಕು. ಆ್ಯಪಲ್ ಆದರೆ ಇನ್ನೂ ತಕರಾರು. ಐಡಿಯಲ್ಲಿ ಉಳಿದ ಹಣ ಖಾಲಿ ಮಾಡಿ, ಚಂದಾ ನಿಲ್ಲಿಸಿದ ಮೇಲೇ ದೇಶ ಬದಲಿಸೋಕೆ ಬಿಡೋದು. ಯಾವುದೇ ಆಗಲಿ, ಮೊದಲು ಪಟ್ಟಿಯ ಪ್ರತಿ ತೆಗೆದಿಟ್ಟುಕೊಳ್ಳಿ. ಸ್ಪಾಟಿಫೈಗೆ ಎಕ್ಸ್‌ಪೋರ್ಟಿಫೈ ಅಂತ ಇದೆ, ಹಾಡು, ಆಲ್ಬಮ್, ಅವಧಿ ಎಲ್ಲಾ ಶೀಟ್‌ನಲ್ಲಿ ಬರುತ್ತೆ.

ಆಡಿಯೋ_ಕಂಪನಿ_ನೌಕರ:

ಆ ದಾಸರ ಪದಗಳ ಹೆಸರು, ಗಾಯಕರ ಹೆಸರನ್ನು ಐಎಫ್‌ಪಿಐ (ರೆಕಾರ್ಡಿಂಗ್ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ) ಸಂಸ್ಥೆಯ ಐಎಸ್‌ಆರ್‌ಸಿ ಹುಡುಕೋ ಪುಟದಲ್ಲಿ ಹಾಕಿ ನೋಡಿ. ಎಲ್ಲವೂ ಸಿಗಲ್ಲ, ಸಿಕ್ಕಿದರೆ ಸಂಕೇತ ಯಾವುದು, ಯಾವ ಆಲ್ಬಮ್, ಯಾವ ವರ್ಷ ಅಂತ ಗೊತ್ತಾಗುತ್ತೆ. ಅದನ್ನು ಹಿಡ್ಕೊಂಡು ಕಂಪನಿಗೆ ಮೇಲ್ ಹಾಕಿ. ಆ್ಯಪ್‌ನವರಿಗೆ ದೂರು ಕೊಟ್ಟರೆ "ಹಕ್ಕುದಾರರ ನಿರ್ಧಾರ" ಅಂತ ಸಿದ್ಧ ಉತ್ತರ ಬರುತ್ತೆ. ಕಂಪನಿಗೆ ಹಾಡಿನ ಹೆಸರು, ಸಂಕೇತ, ಹಳೇ ಲಿಂಕ್ ಮೂರೂ ಕೊಟ್ಟರೆ ನನ್ನಂಥವನು ಯಾವನಾದರೂ ಕೂತಿದ್ದರೆ ಸರಿ ಮಾಡ್ತಾನೆ.

ಕ್ಯಾಸೆಟ್ ಇದೆಯಾ ನಿಮ್ಮ ಹತ್ರ?

ಕೀಬೋರ್ಡ್_ದಾವಣಗೆರೆ:

ನಮ್ಮ ತಬಲಾ ಮಾಸ್ಟರ್ ಹತ್ರ ಒಂದು ಟ್ರಂಕ್ ಐತಿ. ಟೇಪ್ ರೆಕಾರ್ಡರೂ ಐತಿ, ಬೆಲ್ಟ್ ಹೋಗೈತಿ ಅಷ್ಟೆ.

ಆಡಿಯೋ_ಕಂಪನಿ_ನೌಕರ:

ಬೆಲ್ಟ್ ಹಾಕಿಸಿ. ಹೆಡ್‌ಫೋನ್ ತೂತಿನಿಂದ ಲ್ಯಾಪ್‌ಟಾಪಿಗೆ ವೈರ್ ಕೊಟ್ಟು ರೆಕಾರ್ಡ್ ಮಾಡಿಕೊಳ್ಳಿ. ಬರೀ ಪ್ರಾಕ್ಟೀಸಿಗೆ ಇಟ್ಟುಕೊಳ್ಳಿ, ಎಲ್ಲೂ ಹಾಕಬೇಡಿ. ಕ್ಯಾಸೆಟ್ ಓಡೋ ವೇಗ ಒಂದೊಂದು ಟೇಪ್ ರೆಕಾರ್ಡರಿಗೆ ಒಂದೊಂದು ಥರ, ಶ್ರುತಿ ಕಾಲು ಮನೆ ಮೇಲೋ ಕೆಳಗೋ ಇರುತ್ತೆ. ಕೀಬೋರ್ಡ್ ಟ್ಯೂನ್ ಮಾಡೋ ಮುಂಚೆ ಅದನ್ನ ಕಂಪ್ಯೂಟರಿನಲ್ಲಿ ಸರಿ ಮಾಡಿಕೊಳ್ಳಿ.