ಸುಮತಿ ಅತ್ತೆಯ ರಾಡು

(ಗುಂಪು: ನಮ್ಮನೆ ಬಳಗ)

ಶ್ರೀಧರ ಚಿಕ್ಕಪ್ಪ: *ಫಾರ್ವರ್ಡ್* ⚠️ಎಚ್ಚರ! ಮೂಳೆಗೆ ಹಾಕಿದ ರಾಡು, ಪ್ಲೇಟು 2 ವರ್ಷ ದಾಟಿದರೆ ತುಕ್ಕು ಹಿಡಿದು ರಕ್ತವೆಲ್ಲ ವಿಷ! ಡಾಕ್ಟರು ಹೇಳುವುದಿಲ್ಲ. ಎಲ್ಲರಿಗೂ ಕಳಿಸಿ🙏

ಶ್ರೀಧರ ಚಿಕ್ಕಪ್ಪ: ಸುಮಕ್ಕ, ನಿನ್ನ ತೊಡೆಯ ರಾಡು ಯಾವ ಇಸವಿದು?

ಸುಮತಿ ಅತ್ತೆ: 2012. ಬಚ್ಚಲಲ್ಲಿ ಜಾರಿದ್ದು. ಈಗ ಹೆದರಿಸ್ತೀಯಲ್ಲೋ

ಕಾವ್ಯ: ಅತ್ತೆ, ಹೆದರ್ಕೋಬೇಡಿ. ಅದೇನು ಗೇಟಿನ ಕಬ್ಬಿಣ ಅಲ್ಲ. ಟೈಟಾನಿಯಂ ಇರುತ್ತೆ, ಇಲ್ಲಾಂದ್ರೆ 316ಎಲ್ ಅನ್ನೋ ಬಗೆಯ ಸ್ಟೇನ್‌ಲೆಸ್ ಸ್ಟೀಲು

ಶ್ರೀಧರ ಚಿಕ್ಕಪ್ಪ: ಸ್ಟೀಲ್ ಡಬ್ಬಿಲಿ ಉಪ್ಪಿನಕಾಯಿ ಇಟ್ರೆ ಚುಕ್ಕೆ ಬೀಳಲ್ವೇನಮ್ಮ? ಮೈಯೊಳಗಿರೋದೂ ಉಪ್ಪುನೀರೇ

ಕಾವ್ಯ: ಒಳ್ಳೇ ಪ್ರಶ್ನೆ ಚಿಕ್ಕಪ್ಪ, ನಿಜವಾಗ್ಲೂ. ಅದಕ್ಕೇ ಇದಕ್ಕೆ ನೂರಕ್ಕೆ 17ರ ಮೇಲೆ ಕ್ರೋಮಿಯಂ, ಜೊತೆಗೆ 2-3 ಭಾಗ ಮಾಲಿಬ್ಡಿನಂ ಹಾಕ್ತಾರೆ. ಮೇಲೆ ಕಣ್ಣಿಗೆ ಕಾಣದಷ್ಟು ತೆಳು ಆಕ್ಸೈಡ್ ಪೊರೆ ಇರುತ್ತೆ, ಗೀಚಿದ್ರೆ ತಾನಾಗೇ ಮತ್ತೆ ಕಟ್ಕೊಳ್ಳುತ್ತೆ. ಟೈಟಾನಿಯಂದು ಇನ್ನೂ ಗಟ್ಟಿ ಪೊರೆ

ರಾಘು: [ಫೋಟೊ] ನನ್ನ ಕೈಯಿಂದ ತೆಗೆದ ಪ್ಲೇಟು. ಸ್ಕ್ರೂ ತಲೆ ಕೂರೋ ತೂತಿನ ಸುತ್ತ ಮಾತ್ರ ಮಂಕಾಗಿದೆ. ಉಳಿದ ಜಾಗದಲ್ಲಿ ಮುಖ ನೋಡ್ಕೋಬಹುದು 😄

ಶ್ರೀಧರ ಚಿಕ್ಕಪ್ಪ: ಹಾಂ! ನಾನು ಹೇಳಿದ್ದೂ ಇದೇ!!

ಕಾವ್ಯ: ಅರ್ಧ ಒಪ್ಪಿದೆ. ಸ್ಕ್ರೂಗೂ ಪ್ಲೇಟಿಗೂ ನಡುವೆ ಸಂದಿ. ಅಲ್ಲಿ ಒಂದಕ್ಕೊಂದು ಉಜ್ಜಿ ಪೊರೆ ಕಿತ್ತು ಬರುತ್ತೆ, ಸಂದಿಲಿ ಆಮ್ಲಜನಕ ಕಡಿಮೆ, ಸರಿಯಾಗಿ ಮತ್ತೆ ಕಟ್ಕೊಳ್ಳಲ್ಲ. ಅಲ್ಲಿ ಸವೆಯೋದು ನಿಜ. ದೊಡ್ಡ ರಾದ್ಧಾಂತ ಆಗಿದ್ದು ಲೋಹಕ್ಕೆ ಲೋಹ ಉಜ್ಜೋ ಸೊಂಟದ ಕೃತಕ ಕೀಲಲ್ಲಿ. ಡಿಪ್ಯೂ ಅನ್ನೋ ಕಂಪನಿಯ ಎಎಸ್‌ಆರ್ ಅನ್ನೋ ಕೀಲನ್ನ 2010ರಲ್ಲಿ ಜಗತ್ತಿನಾದ್ಯಂತ ವಾಪಸ್ ಕರೆಸಿಕೊಂಡ್ರು. ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರ್ತಿತ್ತು. ಅತ್ತೆದು ಕೀಲಲ್ಲ, ಮೂಳೆಯೊಳಗಿನ ರಾಡು

ಶ್ರೀಧರ ಚಿಕ್ಕಪ್ಪ: ಯಾವುದಾದ್ರೂ ಆಗ್ಲಿ, ತೆಗೆಸಿಬಿಡೋದೇ ವಾಸಿ

ಕಾವ್ಯ: 67ರಲ್ಲಿ ಮತ್ತೆ ಅನಸ್ತೇಷಿಯಾ, ಮತ್ತೆ ಹೊಲಿಗೆ? ಯಾರೋ ಬರೆದ ಮೆಸೇಜಿಗಾ? ಮೂಳೆ ಕೂಡದಿದ್ರೆ ಭಯ ಪಡ್ಬೇಕು, ಪೂರ್ತಿ ಭಾರ ರಾಡಿನ ಮೇಲೇ ಬಿದ್ದು, ತಂತಿ ಬಗ್ಗಿಸಿ ಬಗ್ಗಿಸಿ ಮುರಿದ ಹಾಗೆ ಒಂದಿನ ಲಟಕ್ ಅನ್ನುತ್ತೆ. ಕೂಡಿದ ಮೇಲೆ ಭಾರ ಹೊರೋದು ಮೂಳೆ, ಉಜ್ಜಾಟವೂ ಕಮ್ಮಿ. ಹೊಸದಾಗಿ ನೋವು, ಊತ, ಕೀವು ಬಂದ್ರೆ ಎಕ್ಸ್‌ರೇ ಮಾಡಿಸೋಣ. ಅತ್ತೆ, ಏನಾದ್ರೂ ಇದ್ಯಾ?

ಸುಮತಿ ಅತ್ತೆ: ಚಳೀಲಿ ಸ್ವಲ್ಪ ಜೋಮು. ಅದು ಮೊದಲಿಂದ್ಲೂ ಇದೆ. ಬೆಳಗ್ಗೆ ಎರಡು ಸುತ್ತು ವಾಕಿಂಗ್ ಹೋಗ್ಬಂದೆ

ಶ್ರೀಧರ ಚಿಕ್ಕಪ್ಪ: ಒಳ್ಳೇದಕ್ಕೇ ಹಾಕಿದ್ದಪ್ಪ ನಾನು. ಓದಿರೋರು ನೀವು

ದೊಡ್ಡಪ್ಪ: ಅಪ್ಪಂಗೂ ತೊಡೇಲಿ ರಾಡ್ ಇತ್ತು. 22 ವರ್ಷ. ಅಸ್ಥಿ ಆಯೋವಾಗ ಬೂದಿಲಿ ಸಿಕ್ತು, ಕಪ್ಪಾಗಿತ್ತು, ಇಡಿಯಾಗಿತ್ತು. ಇದನ್ನೂ ಪಶ್ಚಿಮವಾಹಿನಿಲಿ ಬಿಡಬೇಕಾ ಅಂದ್ರೆ ಪುರೋಹಿತರು ತಲೆ ಕೆರ್ಕೊಂಡ್ರು

ಸುಮತಿ ಅತ್ತೆ: ಅಣ್ಣಾ, ನಾನಿನ್ನೂ ಬದುಕಿದ್ದೀನಿ ಕಣೋ