ನೋಂದಣಿ ಆಗುತ್ತದೆ, ಡೇಟಾ ಮಾತ್ರ ಬರುವುದಿಲ್ಲ: ಸಿಮ್ ಮೇಲೆ ಮೊಬೈಲ್ ಐಪಿ

ಪ್ರಶ್ನೆ: ಸರ್, ವ್ಯಾನಿನಲ್ಲಿ 4ಜಿ ರೂಟರ್, ಆಫೀಸಿನಲ್ಲಿ ಹೋಮ್ ಏಜೆಂಟ್ (ಹೋಮ್ ವಿಳಾಸಕ್ಕೆ ಬಂದದ್ದನ್ನು ವ್ಯಾನಿಗೆ ಕಳಿಸುವ ಯಂತ್ರ). ಐಪಿವಿ4 ಮೊಬೈಲ್ ಐಪಿ, ಅಂದರೆ ವ್ಯಾನ್ ಎಲ್ಲಿಗೆ ಹೋದರೂ ಅದೇ ಹೋಮ್ ವಿಳಾಸ ಉಳಿಸುವ ವ್ಯವಸ್ಥೆ. ಹೋದ ಜಾಗದ ನೆಟ್‌ವರ್ಕಿನಲ್ಲಿ ನೆರವಿಗೆ ಫಾರಿನ್ ಏಜೆಂಟ್ ಇಲ್ಲ, ರೂಟರ್‌ಗೆ ಅಲ್ಲಿ ಸಿಕ್ಕ ವಿಳಾಸವೇ ಕೇರ್-ಆಫ್ ವಿಳಾಸ (ಡೇಟಾ ತಲುಪಿಸಬೇಕಾದ ಈಗಿನ ವಿಳಾಸ). ಆಫೀಸಿನ ಇನ್ನೊಂದು ಸಬ್‌ನೆಟ್ಟಿಗೆ ಹಾಕಿದರೆ ಎಲ್ಲ ಸರಿ. ಸಿಮ್‌ಗೆ ಬಂದರೆ ನೋಂದಣಿಗೆ ಕೋಡ್ 0 (ಒಪ್ಪಿಗೆ) ಬರುತ್ತದೆ, ಹೋಮ್ ವಿಳಾಸಕ್ಕೆ ಪಿಂಗ್ ಮಾತ್ರ ಹೋಗುವುದಿಲ್ಲ. ಫೈರ್‌ವಾಲ್‌ನಲ್ಲಿ ನೋಂದಣಿಯ ಪೋರ್ಟ್ ಯುಡಿಪಿ 434 ತೆರೆದಿದೆ.

ಉತ್ತರ: ಸಿಮ್ ಇಂಟರ್‌ಫೇಸಿನ ವಿಳಾಸ ನೋಡಿ. 10ರಿಂದ ಶುರುವಾಗಿದ್ದರೆ, ಅಥವಾ 100.64ರಿಂದ 100.127ರೊಳಗಿದ್ದರೆ ನೀವು ಸಿಮ್ ಕಂಪನಿಯ ನ್ಯಾಟ್ (ಹಲವರ ಖಾಸಗಿ ವಿಳಾಸಗಳನ್ನು ಒಂದು ಸಾರ್ವಜನಿಕ ವಿಳಾಸಕ್ಕೆ ಬದಲಿಸುವ ವ್ಯವಸ್ಥೆ) ಹಿಂದಿದ್ದೀರಿ. ನೋಂದಣಿ ಯುಡಿಪಿಯಲ್ಲಿ ಹೋಗುವುದರಿಂದ ನ್ಯಾಟ್ ಅದಕ್ಕೆ ದಾರಿ ಕೊಡುತ್ತದೆ, ಉತ್ತರವೂ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಹಾಗಾಗಿ ಕೋಡ್ 0. ಆದರೆ ಡೇಟಾ ಹೊರಡುವುದು ಐಪಿಯೊಳಗೆ ಐಪಿ ಸುತ್ತಿ, ಪ್ರೊಟೋಕಾಲ್ 4ರಲ್ಲಿ. ಅದಕ್ಕೆ ಪೋರ್ಟೇ ಇಲ್ಲ, ಯಾರಿಗೆ ಕೊಡಬೇಕೆಂದು ನ್ಯಾಟ್ ಗುರುತಿಸುವುದು ಪೋರ್ಟಿನಿಂದ. ಮೇಲಾಗಿ ಹೋಮ್ ಏಜೆಂಟ್ ಅದನ್ನು ಕಳಿಸುವುದು ನೀವು ನೋಂದಣಿ ಅರ್ಜಿಯಲ್ಲಿ ಬರೆದ ಆ 10ರ ವಿಳಾಸಕ್ಕೆ. ಇಂಟರ್ನೆಟ್ಟಿನಲ್ಲಿ ಅದು ಎಲ್ಲಿಗೂ ಮುಟ್ಟುವುದಿಲ್ಲ. ಹೋಮ್ ಏಜೆಂಟಿನ ಹೊರಬದಿಯಲ್ಲಿ ಟಿಸಿಪಿಡಂಪ್ (ಪ್ಯಾಕೆಟ್ ನೋಡುವ ಸಾಧನ) ಹಾಕಿ, ಪ್ರೊಟೋಕಾಲ್ 4 ಎಂದು ಸೋಸಿದರೆ ಕಣ್ಣಿಗೇ ಕಾಣುತ್ತದೆ.

ಮದ್ದು ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 3519ರಲ್ಲಿದೆ: ಡೇಟಾವನ್ನೂ ಯುಡಿಪಿ 434ರೊಳಗೇ ಸುತ್ತುವುದು. ಎರಡೂ ತುದಿಯಲ್ಲಿ ಆನ್ ಆಗಬೇಕು, ಒಂದೇ ಕಡೆ ಮಾಡಿದರೆ ಉಪಯೋಗವಿಲ್ಲ. ನೋಂದಣಿಯ ಉತ್ತರದಲ್ಲಿ ಯುಡಿಪಿ ಟನೆಲ್ ಎಕ್ಸ್‌ಟೆನ್ಷನ್ ಬಂದಿದೆಯೇ ನೋಡಿ. ಇಲ್ಲವಾದರೆ ನಿಮ್ಮ ಹೋಮ್ ಏಜೆಂಟಿಗೆ ಇದು ಗೊತ್ತಿಲ್ಲ ಎಂದೇ ಅರ್ಥ. ಜೊತೆಗೆ ರಿವರ್ಸ್ ಟನೆಲಿಂಗ್ (ವ್ಯಾನಿನಿಂದ ಹೊರಡುವುದನ್ನೂ ಹೋಮ್ ಏಜೆಂಟ್ ಮೂಲಕವೇ ಕಳಿಸುವುದು), ಅಂದರೆ ಅರ್ಜಿಯ ಟಿ ಬಿಟ್, ಹಾಕಿ. ಹೋಮ್ ವಿಳಾಸವನ್ನು ಮೂಲವಾಗಿಟ್ಟು ಸಿಮ್ ಮೂಲಕ ನೇರ ಕಳಿಸಿದ ಪ್ಯಾಕೆಟ್ಟನ್ನು ಮೂಲ ವಿಳಾಸ ತಾನು ಕೊಟ್ಟದ್ದಲ್ಲದಿದ್ದರೆ ತಡೆಯುವ ಕಂಪನಿಯ ಇಂಗ್ರೆಸ್ ಫಿಲ್ಟರ್ ಬಿಸಾಡುತ್ತದೆ.

ಕೀಪ್‌ಅಲೈವ್ (ನ್ಯಾಟ್ ದಾರಿ ಮುಚ್ಚದಂತೆ ಆಗಾಗ ಕಳಿಸುವ ಪ್ಯಾಕೆಟ್) ಡೀಫಾಲ್ಟ್ ಅಂತರ 110 ಸೆಕೆಂಡ್. ಮೊಬೈಲ್ ನ್ಯಾಟ್‌ಗೆ ಇದು ದೂರವಾಯಿತು, 25-30ಕ್ಕೆ ಇಳಿಸಿ. ಬದಲಾಯಿಸಬೇಕಾದ್ದು ಹೋಮ್ ಏಜೆಂಟಿನಲ್ಲಿ; ಅದು ಉತ್ತರದಲ್ಲಿ ಹೇಳಿದ ಅಂತರವನ್ನೇ ರೂಟರ್ ಪಾಲಿಸುತ್ತದೆ.

ಪ್ರಶ್ನೆ: ಹಾಕಿದೆ ಸರ್, ಪಿಂಗ್ ಬಂತು. ಈಗ ವೆಬ್ ಪುಟ ಅರ್ಧಕ್ಕೇ ನಿಲ್ಲುತ್ತಿದೆ. ಇನ್ನೊಂದು: ಟವರ್ ಬದಲಾದಾಗೆಲ್ಲ ಮರುನೋಂದಣಿ ಆಗಬೇಕಲ್ಲವೇ? ಲಾಗ್‌ನಲ್ಲಿ ಕಾಣುತ್ತಿಲ್ಲ.

ಉತ್ತರ: ಪುಟ ನಿಲ್ಲುವುದು ಎಂಟಿಯು (ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ) ಕಾಟ. ಹೊರ ಐಪಿಗೆ 20, ಯುಡಿಪಿಗೆ 8, ಮೊಬೈಲ್ ಐಪಿ ಹೆಡರ್‌ಗೆ 4, ಒಟ್ಟು 32 ಬೈಟ್ ಕಳೆಯುತ್ತದೆ. 1500 ಇದ್ದದ್ದು 1468 ಆಯಿತು, ಒಳಗಿನ ಐಪಿ ಮತ್ತು ಟಿಸಿಪಿ ಹೆಡರ್‌ಗಳ 40 ಕಳೆದರೆ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಯುವ ಡೇಟಾ, ಅಂದರೆ ಟಿಸಿಪಿ ಎಂಎಸ್‌ಎಸ್ 1428. ಸಿಮ್ ಕೊಂಡಿಯ ಎಂಟಿಯುವೇ 1500ಕ್ಕಿಂತ ಕಡಿಮೆ ಇದ್ದರೆ ಅಲ್ಲಿಂದ ಕಳೆಯಿರಿ. ಎರಡೂ ತುದಿಯಲ್ಲಿ ಎಂಎಸ್‌ಎಸ್ ಇದಕ್ಕಿಂತ ಮೇಲೇರದಂತೆ ಕ್ಲ್ಯಾಂಪ್ ಮಾಡಿ.

ಟವರ್ ವಿಷಯಕ್ಕೆ: ಲಾಗ್‌ನಲ್ಲಿ ಕಾಣದಿರುವುದೇ ಸರಿ. ಎಲ್‌ಟಿಇಯಲ್ಲಿ (4ಜಿ) ನಿಮ್ಮ ಐಪಿ ವಿಳಾಸ ಪಿ-ಗೇಟ್‌ವೇಗೆ, ಅಂದರೆ ಕಂಪನಿಯ ಜಾಲದಿಂದ ಇಂಟರ್ನೆಟ್ಟಿಗೆ ಹೊರಡುವ ಬಾಗಿಲಿಗೆ, ಕಟ್ಟಿಕೊಂಡಿರುತ್ತದೆ. ಟವರ್ ಬದಲಾದರೆ ಟವರಿನಿಂದ ಆ ಬಾಗಿಲಿಗೆ ಡೇಟಾ ಒಯ್ಯುವ ಒಳಗಿನ ಜಿಟಿಪಿ ಟನೆಲ್ ಮಾತ್ರ ಸರಿಯುತ್ತದೆ. ಸಿಮ್ ಬದಲಾದಾಗ, ವೈಫೈಗೆ ಹೋದಾಗ, ಡೇಟಾ ಸೆಷನ್ ಕಡಿದು ಹೊಸದಾಗಿ ಕಟ್ಟಿದಾಗ ವಿಳಾಸ ಬದಲಾಗುತ್ತದೆ, ಮರುನೋಂದಣಿಗೆ ಕೆಲಸ ಬರುವುದು ಆಗ. ವ್ಯಾನ್ ಸುಮ್ಮನಿದ್ದಾಗ ಮೊದಲ ಪಿಂಗ್ ನಿಧಾನವಾದರೂ ಗಾಬರಿ ಬೇಡ. ಐಡಲ್ ಆದ ಸಾಧನ ಯಾವ ಟ್ರ್ಯಾಕಿಂಗ್ ಏರಿಯಾದಲ್ಲಿದೆ (ಹಲವು ಸೆಲ್‌ಗಳ ಗುಂಪು) ಎಂಬುದಷ್ಟೇ ನೆಟ್‌ವರ್ಕ್‌ಗೆ ಗೊತ್ತು, ಅಲ್ಲಿನ ಸೆಲ್‌ಗಳಲ್ಲಿ ಪೇಜಿಂಗ್ ಮಾಡಿ ಕೂಗಿ ಎಬ್ಬಿಸಬೇಕು.

ಪ್ರಶ್ನೆ: ವ್ಯಾನ್ ಆಫ್ ಮಾಡಿ ಆನ್ ಮಾಡಿದಾಗ ಒಮ್ಮೊಮ್ಮೆ ಕೋಡ್ 133.

ಉತ್ತರ: ಗಡಿಯಾರ. 133 ಅಂದರೆ ಐಡೆಂಟಿಫಿಕೇಷನ್ ಹೊಂದಲಿಲ್ಲ. ಹಳೆ ಅರ್ಜಿಯನ್ನು ಯಾರೋ ಮತ್ತೆ ಕಳಿಸದಿರಲೆಂದು ಅದರಲ್ಲಿ ಸಮಯ ಇರುತ್ತದೆ, ಸಾಮಾನ್ಯವಾಗಿ 7 ಸೆಕೆಂಡ್ ವ್ಯತ್ಯಾಸಕ್ಕಷ್ಟೇ ಮಾಫಿ. ಗಡಿಯಾರಕ್ಕೆ ಬ್ಯಾಟರಿ ಇಲ್ಲದ ರೂಟರ್ ಕರೆಂಟ್ ಹೋದರೆ ಹಳೇ ತಾರೀಕಿಗೆ ಜಾರುತ್ತದೆ. ತಿರಸ್ಕಾರದ ಉತ್ತರದಲ್ಲೇ ಹೋಮ್ ಏಜೆಂಟ್ ತನ್ನ ಸಮಯ ಕಳಿಸುತ್ತದೆ. ಒಳ್ಳೆಯ ಸಾಫ್ಟ್‌ವೇರ್ ಅದನ್ನು ನೋಡಿ ತಿದ್ದಿಕೊಂಡು ಮತ್ತೆ ಕೇಳುತ್ತದೆ. ನಿಮ್ಮದು ಸುಮ್ಮನಾಗುತ್ತಿದೆ.

ಇನ್ನೊಬ್ಬ ಸದಸ್ಯರು: ಇಷ್ಟೆಲ್ಲ ಒದ್ದಾಟ ಯಾಕೆ, ವೈರ್‌ಗಾರ್ಡ್ ವಿಪಿಎನ್ ಹಾಕಿ. ವಿಳಾಸ ಬದಲಾದರೂ ಕೊನೆಯ ಸಾಚಾ ಪ್ಯಾಕೆಟ್ ಎಲ್ಲಿಂದ ಬಂತೋ ಅಲ್ಲಿಗೇ ಸರ್ವರ್ ಉತ್ತರಿಸುತ್ತದೆ. ಕೀಪ್‌ಅಲೈವ್ 25, ಎಂಟಿಯು 1420.

ಉತ್ತರ: ಆಫೀಸಿನಿಂದ ವ್ಯಾನ್ ಮುಟ್ಟುವುದಷ್ಟೇ ಬೇಕಿದ್ದರೆ ನಾನೂ ಅದನ್ನೇ ಹೇಳುತ್ತೇನೆ. ಆದರೆ ಗಡಿಯಾರದ ರೋಗ ಅಲ್ಲೂ ಬಿಡುವುದಿಲ್ಲ: ಸಂಪರ್ಕ ಶುರು ಮಾಡುವ ಹ್ಯಾಂಡ್‌ಶೇಕ್‌ನ ಸಮಯಮುದ್ರೆ ಹಿಂದಿನದಕ್ಕಿಂತ ಮುಂದಿರಬೇಕು, ಹಿಂದೆ ಬಿದ್ದರೆ ಸರ್ವರ್ ಉತ್ತರವನ್ನೇ ಕೊಡುವುದಿಲ್ಲ, ಎರರ್ ಕೋಡ್ ಕೂಡ ಇಲ್ಲ. ಯಾವುದನ್ನೇ ಹಾಕಿದರೂ ಎನ್‌ಟಿಪಿಗೆ (ನೆಟ್ಟಿನಿಂದ ಸಮಯ ತರುವ ವ್ಯವಸ್ಥೆ) ಟನೆಲ್ ಹೊರಗೆ ಸಿಮ್ ಇಂಟರ್‌ಫೇಸಿನಿಂದ ನೇರ ರೂಟ್ ಕೊಡಿ. ಎನ್‌ಟಿಪಿ ಸರ್ವರ್ ಟನೆಲ್ ಆಚೆ ಇದ್ದರೆ ಸಮಯಕ್ಕೆ ಟನೆಲ್ ಬೇಕು, ಟನೆಲ್‌ಗೆ ಸಮಯ ಬೇಕು ಎಂದು ಎರಡೂ ಕೂತುಬಿಡುತ್ತವೆ.