ಎಸಿ ಹಾಲ್ ಮಧ್ಯಾಹ್ನ ತಣ್ಣಗಾಗುವುದಿಲ್ಲ, ಕಂಪ್ರೆಸರ್ ಬದಲಿಸಿ ಅಂತಾರೆ. ಏನು ಮಾಡಲಿ?

ಮುಲುಂಡ್ ಗಲ್ಲಾ:

ಎಲ್ಲರಿಗೂ ನಮಸ್ಕಾರ. ಮುಂಬೈಯ ಮುಲುಂಡ್ ಪಶ್ಚಿಮದಲ್ಲಿ ನಮ್ಮದೊಂದು ವೆಜ್ ಹೋಟೆಲ್ ಇದೆ. ಮುಂದೆ ಸಾದಾ ಸೆಕ್ಷನ್, ಒಳಗೆ ಗಾಜಿನ ಬಾಗಿಲಿನ ಎಸಿ ಹಾಲ್, ಅದರ ಹಿಂದೆ ಅಡುಗೆಮನೆ. ಹಾಲಿನಲ್ಲಿ ಅರವತ್ತು ಜನ ಕೂರಬಹುದು. 11 ಟನ್ನಿನ ಡಕ್ಟಿನ ಮೆಷಿನ್, 5.5 ಟನ್ನಿನ ಎರಡು ಕಂಪ್ರೆಸರ್. 2013ರಲ್ಲಿ ಹಾಕಿಸಿದ್ದು, ತಣ್ಣಗೆ ಮಾಡುವ ಗ್ಯಾಸ್ ಆರ್-22.

ಬೆಳಿಗ್ಗೆ ಇಡ್ಲಿ ವಡೆ ಹೊತ್ತಿಗೆ ಹಾಲ್ ಚೆನ್ನಾಗಿರುತ್ತದೆ. ಊಟದ ರಷ್ ಶುರುವಾಯಿತೋ, 28, 29 ಡಿಗ್ರಿ. ಗಿರಾಕಿಗಳು ಮೆನು ಕಾರ್ಡಿನಲ್ಲಿ ಗಾಳಿ ಬೀಸಿಕೊಳ್ಳುತ್ತಾ ಥಾಲಿ ತಿನ್ನುತ್ತಾರೆ. ಅದೇ ಹೊತ್ತಿಗೆ ಒಂದು ಕಂಪ್ರೆಸರ್ ಹೈ ಪ್ರೆಶರ್ ಅಂತ ಟ್ರಿಪ್ ಆಗಿ ನಿಲ್ಲುತ್ತದೆ. ಹುಡುಗನನ್ನು ಹಿಂದಿನ ಗಲ್ಲಿಗೆ ಕಳಿಸಿ ರಿಸೆಟ್ ಬಟನ್ ಒತ್ತಿಸುತ್ತೇನೆ. ಸ್ವಲ್ಪ ಹೊತ್ತು ನಡೆದು ಮತ್ತೆ ಅದೇ ಕತೆ.

ಇದರ ಮೇಲೆ ಸೀಲಿಂಗಿನಿಂದ ಮೂಲೆ ಟೇಬಲ್ ಮೇಲೆ ನೀರು ತೊಟ್ಟಿಕ್ಕುತ್ತದೆ. ಆಗಾಗ ಗಟಾರದ ವಾಸನೆ ಬೇರೆ. ವೆಜ್ ಹೋಟೆಲಿನಲ್ಲಿ ಗಟಾರದ ವಾಸನೆ ಬಂದರೆ ಏನಾಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ ಅಲ್ವಾ?

ಎಎಂಸಿಯವರು (ವರ್ಷದ ಸರ್ವಿಸ್ ಕಾಂಟ್ರಾಕ್ಟಿನವರು) ಬಂದಾಗೆಲ್ಲ ಗ್ಯಾಸ್ ಕಮ್ಮಿ ಅಂತ ತುಂಬಿಸಿ ಬಿಲ್ ಕೊಡುತ್ತಾರೆ. ಈಗ ಕಂಪ್ರೆಸರ್ ಹೋಗಿದೆ, ಮೆಷಿನ್ನೇ ಹೊಸದು ಹಾಕಿ, ಈ ಸಲ 16.5 ಟನ್ ತಗೊಳ್ಳಿ ಅಂತಿದ್ದಾರೆ. ಚೌತಿ ಹತ್ತಿರ ಬಂತು. ಲಕ್ಷಗಟ್ಟಲೆ ಹಾಕಲೇಬೇಕಾ?

ಪುಣೆ ಪ್ಲಾಂಟ್ ರೂಮ್:

ಹಿಂಜವಡಿಯಲ್ಲಿ ಒಂದು ಆಫೀಸ್ ಬಿಲ್ಡಿಂಗಿನ ಚಿಲ್ಲರ್ (ದೊಡ್ಡ ಎಸಿ ಪ್ಲಾಂಟ್) ನೋಡಿಕೊಳ್ಳುತ್ತೇನ್ರೀ. ಊರು ವಿಜಯಪುರ. ಹೈ ಪ್ರೆಶರ್ ಟ್ರಿಪ್ ಅಂದ್ರೆ ಮೊದಲು ಔಟ್‌ಡೋರ್ ಕಾಯಿಲ್, ಅಂದ್ರೆ ಬಿಸಿ ಹೊರಗೆ ಬಿಡೋ ಜಾಲರಿ, ನೋಡ್ರಿ. ಕಾಯಿಲ್ ಕೊಳೆ, ಇಲ್ಲಾ ಫ್ಯಾನ್ ಕೆಟ್ಟಿರಬೇಕು, ಇಲ್ಲಾ ಗ್ಯಾಸ್ ಜಾಸ್ತಿ ಆಗಿರಬೇಕು. ನಮ್ಮಲ್ಲಿ ಆ ಕಾಯಿಲಿನ ಬದಲು ನೀರಿನ ಕಂಡೆನ್ಸರ್ ಇದೆ. ಬೋರ್‌ವೆಲ್ ನೀರಿನ ಉಪ್ಪು ಟ್ಯೂಬಿನೊಳಗೆ ಕಟ್ಟಿಕೊಂಡರೂ ಥೇಟ್ ಇದೇ ಟ್ರಿಪ್. ಕಂಪ್ರೆಸರ್ ಹೋಗಿದೆ ಅನ್ನೋರಿಗೆ ಕ್ಲಾಂಪ್ ಮೀಟರ್ ಹಾಕಿ ಅದು ಎಳೆಯೋ ಕರೆಂಟ್ ಎಷ್ಟು ಆಂಪಿಯರ್ ಅಂತ ತೋರಿಸಪ್ಪಾ ಅನ್ರಿ. ಬಾಯಿ ಮಾತು ಕೇಳಬ್ಯಾಡ್ರಿ.

ಥಾಣೆ ಮೆಕ್ಯಾನಿಕ್:

ಶೆಟ್ರೆ, ಸ್ವಲ್ಪ ನಿಲ್ಲಿ. ಹೊಸ ಮೆಷಿನ್ನಿಗೆ ಅಡ್ವಾನ್ಸ್ ಕೊಡಬೇಡಿ.

ನಾನು ಈ ಕೆಲಸಕ್ಕೆ ಬಂದಾಗ ಥಾಣೆಯಲ್ಲಿ ಕಿಟಕಿ ಎಸಿಗಳದೇ ರಾಜ್ಯ. ಈಗ ಹೆಚ್ಚಾಗಿ ಹೋಟೆಲ್ ಕೆಲಸವೇ ಮಾಡುತ್ತೇನೆ. ಹೋಟೆಲಿನ ಎಸಿ ಬೇರೆ, ಬ್ಯಾಂಕಿನ ಎಸಿ ಬೇರೆ ಮಾರಾಯ್ರೆ. ಬ್ಯಾಂಕಿನಲ್ಲಿ ಗೋಡೆಯ ಆ ಕಡೆ ದೋಸೆ ತವಾ ಇರುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಗ್ಯಾಸ್ ಕಮ್ಮಿಯಾದರೆ ಹೈ ಪ್ರೆಶರ್ ಟ್ರಿಪ್ ಆಗುವುದಿಲ್ಲ. ಆಗುವುದು ಲೋ ಪ್ರೆಶರ್ ಟ್ರಿಪ್, ಇಲ್ಲವಾದರೆ ಇನ್‌ಡೋರ್ ಕಾಯಿಲಿನಲ್ಲಿ ಐಸ್. ಹೈ ಪ್ರೆಶರಿನಲ್ಲಿ ಬೀಳುವ ಮೆಷಿನ್ನಿಗೆ ಮತ್ತೆ ಮತ್ತೆ ಗ್ಯಾಸ್ ತುಂಬಿಸಿದರೆ ಪ್ರೆಶರ್ ಇನ್ನೂ ಏರುತ್ತದೆ. ಹಾಲ್ ತಣ್ಣಗಿಲ್ಲ, ಗ್ಯಾಸ್ ಹಾಕು. ಟ್ರಿಪ್ ಆಯಿತು, ಇನ್ನಷ್ಟು ಹಾಕು. ಇದು ರಿಪೇರಿ ಅಲ್ಲ, ಬಿಲ್ಲಿನ ವ್ಯಾಪಾರ. ಹುಡುಗನ ಕೈಲಿ ಬಟನ್ ಒತ್ತಿಸುವುದೂ ನಿಲ್ಲಿಸಿ. ಆ ಟ್ರಿಪ್ ಇರುವುದೇ ಕಂಪ್ರೆಸರ್ ಉಳಿಸಲಿಕ್ಕೆ.

ಈಗ ಇಷ್ಟು ನೋಡಿ ಹೇಳಿ.

ಊಟದ ಹೊತ್ತಿಗೆ ಸೀಲಿಂಗ್ ಗ್ರಿಲ್ಲಿನಲ್ಲಿ ಬರುವ ಗಾಳಿ ಎಷ್ಟು ಡಿಗ್ರಿ, ವಾಪಸ್ ಹೋಗುವ ಗಾಳಿ ಎಷ್ಟು? ಸಾದಾ ಡಿಜಿಟಲ್ ಥರ್ಮಾಮೀಟರ್ ಸಾಕು. ಟ್ರಿಪ್ ಆಗುವ ಮೊದಲು ಒಂದು ಸಲ, ಆದ ಮೇಲೆ ಒಂದು ಸಲ.

ಗಾಜಿನ ಬಾಗಿಲನ್ನು ಎರಡು ಬೆರಳಿನಷ್ಟು ತೆರೆದು ಸಂದಿಯಲ್ಲಿ ಊದುಬತ್ತಿ ಹಿಡಿಯಿರಿ. ಹೊಗೆ ಒಳಗೆ ಹೋಗುತ್ತದಾ, ಹೊರಗೆ ಬರುತ್ತದಾ? ಅಡುಗೆಮನೆ ಕಡೆಯ ಬಾಗಿಲಿನಲ್ಲೂ ಹಾಗೇ ಮಾಡಿ.

ಅಡುಗೆಮನೆ ಎಕ್ಸಾಸ್ಟ್ ಎಲ್ಲಿ ಹೊರಗೆ ಬಿಡುತ್ತದೆ, ಔಟ್‌ಡೋರ್ ಎಲ್ಲಿದೆ? ನೀರು ಬೀಳುವುದು ಮೆಷಿನ್ ನಡೆಯುವಾಗಲೋ, ಬಂದ್ ಮಾಡಿದ ಮೇಲೋ?

ಮುಲುಂಡ್ ಗಲ್ಲಾ:

ಅಣ್ಣ, ನೀವು ಹೇಳಿದ್ದೆಲ್ಲ ನೋಡಿದೆ.

ಟ್ರಿಪ್ ಆಗುವ ಮೊದಲು ಗ್ರಿಲ್ಲಿನಲ್ಲಿ 17, ವಾಪಸ್ ಗಾಳಿ 28. ಟ್ರಿಪ್ ಆದ ಮೇಲೆ ಗ್ರಿಲ್ಲಿನಲ್ಲಿ 22. ಫಿಲ್ಟರ್ ವಾರ ವಾರ ತೊಳೆಸುತ್ತೇವೆ, ಶುಚಿಯಾಗಿದೆ.

ಊದುಬತ್ತಿ ಹೊಗೆ ರಭಸದಲ್ಲಿ ಹಾಲಿನ ಒಳಗೆ ಹೋಯಿತು. ಅಡುಗೆಮನೆ ಬಾಗಿಲಿನಲ್ಲಿ ನೋಡಿದರೆ ಹಾಲಿನಿಂದ ಅಡುಗೆಮನೆಗೆ ಎಳೆಯುತ್ತದೆ. ಈಗ ಹೊಳೆಯುತ್ತಿದೆ, ಆ ಗಾಜಿನ ಬಾಗಿಲು ಎಳೆಯಲು ಮುದುಕರಿಗೆ ಕಷ್ಟ ಆಗುತ್ತಿತ್ತು. ನಾವು ಡೋರ್ ಕ್ಲೋಸರ್ ಟೈಟ್ ಆಗಿದೆ ಅಂದುಕೊಂಡಿದ್ದೆವು.

ಕಳೆದ ವರ್ಷ ಇನ್ನೊಂದು ತವಾ ಹಾಕಿದಾಗ ಎಕ್ಸಾಸ್ಟ್ ಮೋಟರ್ 2 ಎಚ್‌ಪಿಯಿಂದ 5 ಎಚ್‌ಪಿ ಮಾಡಿಸಿದ್ದೇವೆ. ಅಡುಗೆಮನೆಯ ಹಿಂದಿನ ಕಿಟಕಿ, ಒಗ್ಗರಣೆ ಘಾಟು ಬರುತ್ತದೆ ಅಂತ ಪಕ್ಕದ ಸೊಸೈಟಿಯವರು ತಕರಾರು ಮಾಡಿದ್ದಕ್ಕೆ ಪ್ಲೈವುಡ್ ಹೊಡೆದು ಮುಚ್ಚಿದ್ದೇವೆ. ಎಕ್ಸಾಸ್ಟ್ ಬಾಯಿ ಹಿಂದಿನ ಗಲ್ಲಿಗೆ. ಔಟ್‌ಡೋರ್ ಅದರ ಕೆಳಗೇ, ಆರಡಿ ಅಂತರದಲ್ಲಿ.

ನೀರು ನಡೆಯುವಾಗ ತೊಟ್ಟಿಕ್ಕುತ್ತದೆ. ಬಂದ್ ಮಾಡಿದ ಕೂಡಲೇ ಡ್ರೈನ್ ಪೈಪಿನಲ್ಲಿ ಒಮ್ಮೆಲೇ ಭರ್ರನೆ ಹೋಗುತ್ತದೆ.

ಥಾಣೆ ಮೆಕ್ಯಾನಿಕ್:

ನಿಮ್ಮ ಮೆಷಿನ್ ಪಾಪದ್ದು ಶೆಟ್ರೆ. 28ರ ಗಾಳಿಯನ್ನು 17 ಮಾಡಿ ಕೊಡುತ್ತಿದೆ. 11 ಡಿಗ್ರಿ ಇಳಿಸುವ ಕಂಪ್ರೆಸರ್ ಹೋಗಿದೆ ಅನ್ನುವವನಿಗೆ ಏನು ಹೇಳುವುದು? 8ರಿಂದ 12 ಡಿಗ್ರಿ ಇಳಿದರೆ ಮೆಷಿನ್ ತನ್ನ ಕೆಲಸ ಮಾಡುತ್ತಿದೆ ಅಂತಲೇ ಲೆಕ್ಕ.

ನಿಮ್ಮ ತಣ್ಣನೆ ಗಾಳಿಯನ್ನು ತವಾ ಮೇಲಿನ ಎಕ್ಸಾಸ್ಟ್ ಹುಡ್ ಎಳೆದುಕೊಳ್ಳುತ್ತಿದೆ. ಎಕ್ಸಾಸ್ಟ್ ಎಷ್ಟು ಗಾಳಿ ಹೊರಗೆ ಹಾಕುತ್ತದೋ ಅಷ್ಟೇ ಗಾಳಿ ಎಲ್ಲಿಂದಾದರೂ ಒಳಗೆ ಬರಲೇಬೇಕು. ಕಿಟಕಿಗೆ ಪ್ಲೈವುಡ್ ಹೊಡೆದಿರಿ. ಮೋಟರ್ ದೊಡ್ಡದು ಮಾಡಿದಿರಿ. ಅದು ಇನ್ನೆಲ್ಲಿಂದ ಎಳೆಯಬೇಕು? ಎಸಿ ಹಾಲಿನಿಂದ. ಹಾಲ್ ಖಾಲಿಯಾದ ಜಾಗಕ್ಕೆ ರಸ್ತೆಯ ಬಿಸಿ, ತೇವದ ಗಾಳಿ ಗಾಜಿನ ಬಾಗಿಲಿನಿಂದ ನುಗ್ಗುತ್ತದೆ.

ಲೆಕ್ಕ ಹೇಳುತ್ತೇನೆ ಕೇಳಿ. ಮಳೆಗಾಲದಲ್ಲಿ ಮುಂಬೈಯ 32 ಡಿಗ್ರಿಯ ಒದ್ದೆ ಗಾಳಿ 1000 ಸಿಎಫ್‌ಎಂ (ನಿಮಿಷಕ್ಕೆ 1000 ಘನ ಅಡಿ) ಒಳಗೆ ಬಂದರೆ, ಅದನ್ನು ಒಣಗಿಸಿ 25 ಡಿಗ್ರಿಗೆ ತರಲು ಸರಿಸುಮಾರು 5.5 ಟನ್ ಬೇಕು. ಅಂದರೆ ನಿಮ್ಮ ಒಂದು ಕಂಪ್ರೆಸರಿನ ಪೂರ್ತಿ ದುಡಿಮೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬರೀ ತೇವ ತೆಗೆಯಲಿಕ್ಕೆ. ಎರಡು ತವಾ ಇರುವ ಹುಡ್ 4000 ಸಿಎಫ್‌ಎಂ ಎಳೆದರೂ ಆಶ್ಚರ್ಯ ಇಲ್ಲ. ಈಗ ಹೇಳಿ, 16.5 ಟನ್ ಹಾಕಿದರೂ ಎಲ್ಲಿ ಸಾಲುತ್ತದೆ?

ಅಡುಗೆಮನೆಗೆ ಫ್ರೆಶ್ ಏರ್ ಫ್ಯಾನ್ ಹಾಕಿಸಿ. ಫಿಲ್ಟರ್ ಇರಲಿ, ಗಾಳಿ ಅಡುಗೆ ಭಟ್ಟರ ಹತ್ತಿರ, ಹುಡ್ಡಿನ ಮುಂದೆ ಬೀಳಲಿ. ಎಕ್ಸಾಸ್ಟ್ ಹೊರಗೆ ಹಾಕುವುದರ ಸುಮಾರು ಶೇಕಡಾ 80ರಷ್ಟು ಇದರಿಂದ ಬರಬೇಕು. ಪೂರ್ತಿ 100 ಮಾಡಬೇಡಿ. ಅಡುಗೆಮನೆ ಸ್ವಲ್ಪ ಎಳೆಯುತ್ತಲೇ ಇರಬೇಕು, ಇಲ್ಲದಿದ್ದರೆ ಸಾಂಬಾರಿನ ವಾಸನೆ ಹಾಲಿಗೆ ಬರುತ್ತದೆ. ಈ ಫ್ಯಾನ್ ಗಾಳಿ ಒಳಗೆ ತರುವುದು, ಘಾಟು ಹೊರಗೆ ಬಿಡುವುದಲ್ಲ. ಹಾಗಾಗಿ ಸೊಸೈಟಿಯವರ ತಕರಾರಿಗೂ ಜಾಗ ಇಲ್ಲ.

ಇನ್ನು ಟ್ರಿಪ್. ಎಕ್ಸಾಸ್ಟಿನ ಬಿಸಿ ಎಣ್ಣೆ ಹೊಗೆ ನೇರ ಔಟ್‌ಡೋರ್ ಮೇಲೆ. ಕಾಯಿಲ್ ಮೇಲೆ ಎಣ್ಣೆ ಜಿಡ್ಡು, ಅದರ ಮೇಲೆ ರಸ್ತೆಯ ಧೂಳು. ನೀರು ಹೊಡೆದರೆ ಹೋಗುವುದಿಲ್ಲ. ಮೇನ್ ಬಂದ್ ಮಾಡಿ, ಅಲ್ಯೂಮಿನಿಯಂ ಕಾಯಿಲಿಗೆಂದೇ ಸಿಗುವ ಕ್ಲೀನರ್ ಹಾಕಿ, ಮೆತ್ತನೆ ಬ್ರಶ್‌ನಲ್ಲಿ ಉಜ್ಜಿ, ಒಳಗಿನಿಂದ ಹೊರಗೆ ಸಾಧಾರಣ ಒತ್ತಡದಲ್ಲಿ ನೀರು ಬಿಡಬೇಕು. ಕಾರ್ ತೊಳೆಯುವ ಜೆಟ್ ಪಂಪ್ ಬೇಡ, ಕಾಯಿಲಿನ ತೆಳು ತಗಡು (ಫಿನ್) ಮಡಚಿಹೋಗುತ್ತದೆ. ಅಡುಗೆಮನೆ ಹುಡುಗರು ಹುಡ್ ತೊಳೆಯುವ ಕಾಸ್ಟಿಕ್ ತಂದು ಸುರಿಯುವುದು ನೋಡಿದ್ದೇನೆ. ದಯವಿಟ್ಟು ಬೇಡ. ಅದು ಅಲ್ಯೂಮಿನಿಯಮ್ಮನ್ನೇ ತಿಂದುಹಾಕುತ್ತದೆ. ಆಮೇಲೆ ಎಕ್ಸಾಸ್ಟ್ ಡಕ್ಟನ್ನು ಟೆರೇಸಿನವರೆಗೆ ಏರಿಸಿ. ಅದು ಆಗದಿದ್ದರೆ ತೊಳೆದದ್ದೆಲ್ಲ ಸುಮ್ನೆ.

ಗ್ಯಾಸ್ ವಿಷಯ. ಅದು ಪೆಟ್ರೋಲ್ ಅಲ್ಲ, ಖರ್ಚಾಗುವುದಿಲ್ಲ. ನಿಜವಾಗಿ ಕಮ್ಮಿಯಾದರೆ ಎಲ್ಲೋ ಲೀಕ್ ಇದೆ. ಇರುವುದನ್ನೆಲ್ಲ ಸಿಲಿಂಡರಿಗೆ ತೆಗೆದು, ನೈಟ್ರೋಜನ್ ತುಂಬಿಸಿ, ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ನೋಡಬೇಕು. ಆಕ್ಸಿಜನ್ ಸಿಲಿಂಡರ್ ತಂದರೆ ಒಳಗೆ ಬಿಡಬೇಡಿ. ಕಂಪ್ರೆಸರ್ ಎಣ್ಣೆಗೆ ಒತ್ತಡದ ಆಕ್ಸಿಜನ್ ಸೇರಿದರೆ ಸ್ಫೋಟ ಆಗುತ್ತದೆ. ಲೀಕ್ ಮುಚ್ಚಿ, ಪಂಪ್ ಹಾಕಿ ವ್ಯಾಕ್ಯೂಮ್ ಮಾಡಿ, ನೇಮ್ ಪ್ಲೇಟಿನಲ್ಲಿರುವ ತೂಕದಷ್ಟೇ ತೂಗಿ ಹಾಕಬೇಕು. ಆರ್-22ಕ್ಕೆ ಮುಂಬೈ ಹವೆಯಲ್ಲಿ ಸಕ್ಷನ್ (ಕಂಪ್ರೆಸರ್ ಎಳೆಯುವ ಕಡೆ) ಪ್ರೆಶರ್ 65–70 ಪಿಎಸ್‌ಐ, ಡಿಸ್ಚಾರ್ಜ್ (ಹೊರಗೆ ತಳ್ಳುವ ಕಡೆ) 250–280ರ ಆಸುಪಾಸು ಇದ್ದರೆ ಸರಿ. ಎದುರಿಗೆ ನಿಂತು ಗೇಜ್ ನೋಡಿ.

ನೀರಿನದು ಸುಲಭ. ನಿಮ್ಮ ಡ್ರೈನಿಗೆ ಯು ಟ್ರ್ಯಾಪ್ (ನೀರು ನಿಂತು ಗಾಳಿ ತಡೆಯುವ ಪೈಪಿನ ಬಾಗು) ಇಲ್ಲ, ಅಥವಾ ಸರಿ ಇಲ್ಲ. ನೀರು ಹಿಡಿಯುವ ಟ್ರೇ ಇರುವುದು ಬ್ಲೋವರ್ ಎಳೆಯುವ ಕಡೆ. ಮೆಷಿನ್ ನಡೆಯುವಾಗ ಪೈಪಿನಿಂದಲೇ ಗಾಳಿ ಮೇಲೆ ಎಳೆಯುತ್ತದೆ, ನೀರು ಇಳಿಯಲಾಗದೆ ಟ್ರೇ ತುಂಬಿ ಸೋರುತ್ತದೆ. ಬಂದ್ ಮಾಡಿದರೆ ಭರ್ರನೆ ಇಳಿಯುತ್ತದೆ. ಗಟಾರದ ವಾಸನೆ ಬರುವುದೂ ಅದೇ ದಾರಿಯಲ್ಲಿ. ಯಾರನ್ನೂ ಬೈಯಬೇಡಿ, ಪ್ಲಂಬರನ್ನು ಕರೆಯಿರಿ. ಪೈಪನ್ನು ನೇರ ಗಟಾರಕ್ಕೆ ಇಳಿಸದೆ, ಸ್ವಲ್ಪ ಮೇಲೇ ಬಿಡಿಸಿ.

ವಾಸ್ಕೋ ಲಾಡ್ಜ್:

ಗೋವಾದಿಂದ ಒಂದು ಮಾತು. ಥಾಣೆಯವರು ಹೇಳಿದ್ದು ಪೂರ್ತಿ ಸರಿ, ಆದರೆ ಲೀಕ್ ಹುಡುಕುವಾಗ ಜಾಯಿಂಟ್ ಮಾತ್ರ ನೋಡಿ ಬಿಡಬೇಡಿ, ಕಾಯಿಲನ್ನೂ ನೋಡಿ. ನಮ್ಮಲ್ಲಿ ಸಮುದ್ರದ ಉಪ್ಪುಗಾಳಿಗೆ ಔಟ್‌ಡೋರ್ ಫಿನ್ ಮುಟ್ಟಿದರೆ ಹಪ್ಪಳದ ಹಾಗೆ ಉದುರುತ್ತದೆ. ಫಿನ್ ಹೋದರೆ ಹೊಗೆ, ಎಣ್ಣೆ ಏನೂ ಇಲ್ಲದೆಯೂ ಹೈ ಪ್ರೆಶರ್ ಬರುತ್ತದೆ. ಮುಲುಂಡ್ ಸಮುದ್ರದಿಂದ ದೂರ, ನಿಮಗೆ ನಮ್ಮಷ್ಟು ತೊಂದರೆ ಇರಲಿಕ್ಕಿಲ್ಲ. ಆದರೂ ಹೊಸದು ತಗೊಳ್ಳುವ ದಿನ ಬಂದರೆ ಕೋಟಿಂಗ್ ಇರುವ ಕಾಯಿಲ್ ಕೇಳಿ.

ಇನ್ನೊಂದು. ಇಂಥದೇ ಹಳೇ ಮೆಷಿನ್ನಿಗೆ ಹೊಸ ಗ್ಯಾಸ್ 410ಎ ಹಾಕಿಕೊಡುತ್ತೇನೆ ಅಂತ ಒಬ್ಬ ನಮಗೆ ಹೇಳಿದ್ದ. ಹಾಕಬಹುದಾ?

ಥಾಣೆ ಮೆಕ್ಯಾನಿಕ್:

ಖಂಡಿತ ಬೇಡ. 410ಎ ಪ್ರೆಶರ್ ಆರ್-22ಕ್ಕಿಂತ ಒಂದೂವರೆ ಪಟ್ಟಿಗೂ ಜಾಸ್ತಿ. ಹಳೇ ಕಂಪ್ರೆಸರ್, ಹಳೇ ಕಾಯಿಲ್ ಅದಕ್ಕಾಗಿ ಮಾಡಿದ್ದಲ್ಲ. ಎಣ್ಣೆಯೂ ಬೇರೆ. ಹಾಗೆ ಹೇಳಿದವನನ್ನು ಗೇಟಿನಿಂದಲೇ ಕಳಿಸಿ.

ಆರ್-22 ಓಝೋನ್ ಪದರಕ್ಕೆ ಕೆಟ್ಟದ್ದು. 1987ರ ಮಾಂಟ್ರಿಯಲ್ ಒಪ್ಪಂದದ ಲೆಕ್ಕದಲ್ಲಿ 2030ಕ್ಕೆ ಅದು ಹೆಚ್ಚುಕಮ್ಮಿ ನಿಂತುಹೋಗಬೇಕು. ಹಾಗಾಗಿ ಶೆಟ್ರ ಮೆಷಿನ್ ಒಂದು ದಿನ ಬದಲಿಸಬೇಕಾದ್ದೇ. ಆದರೆ ಚೌತಿಗೆ ಮುಂಚೆ ಹೆದರಿಕೊಂಡು ಅಲ್ಲ. ಮೊದಲು ಎಕ್ಸಾಸ್ಟ್ ಸರಿಮಾಡಿ, ಆಮೇಲೆ ಹಾಲಿಗೆ ನಿಜವಾಗಿ ಎಷ್ಟು ಟನ್ ಬೇಕು ಅಂತ ಅಳೆಸಿ.

ಮುಲುಂಡ್ ಗಲ್ಲಾ:

ಎಲ್ಲರಿಗೂ ಥ್ಯಾಂಕ್ಸ್. ಕಾಯಿಲ್ ತೊಳೆಸಿದೆವು, ಇಳಿದ ನೀರು ಕಪ್ಪು ಕಷಾಯ. ಫ್ರೆಶ್ ಏರ್ ಫ್ಯಾನ್ ಆಯಿತು, ಟ್ರ್ಯಾಪ್ ಆಯಿತು. ಬೇರೆ ಮೆಕ್ಯಾನಿಕ್ ಬಂದು ಗ್ಯಾಸ್ ತೆಗೆದು ತೂಗಿದರೆ ಒಂದು ಸರ್ಕ್ಯೂಟಿನಲ್ಲಿ ಬೇಕಾದ್ದಕ್ಕಿಂತ ಜಾಸ್ತಿ ಇತ್ತು! ಇನ್ನೊಂದರಲ್ಲಿ ಪೈಪ್ ಜೋಡಿಸುವ ಫ್ಲೇರ್ ನಟ್ ಲೀಕ್. ಈಗ ಊಟದ ಹೊತ್ತಿಗೆ 25, 26ರಲ್ಲಿ ನಿಲ್ಲುತ್ತಿದೆ. ಎಕ್ಸಾಸ್ಟ್ ಡಕ್ಟ್ ಏರಿಸಲು ಸೊಸೈಟಿಯ ಒಪ್ಪಿಗೆ ಇನ್ನೂ ಸಿಕ್ಕಿಲ್ಲ. ಸದ್ಯಕ್ಕೆ ಬಾಯಿಯನ್ನು ಔಟ್‌ಡೋರಿನಿಂದ ಆಚೆ ಕಡೆ ತಿರುಗಿಸಿದ್ದೇವೆ.

ಆದರೆ ನಿನ್ನೆ ಹೊಸ ತಕರಾರು. ರಸ್ತೆ ಅಗೆದು ಕೇಬಲ್ ಕೆಲಸ ಮಾಡಿ ಕರೆಂಟ್ ವಾಪಸ್ ಕೊಟ್ಟ ಮೇಲೆ ಎರಡೂ ಕಂಪ್ರೆಸರ್ ಗಡಗಡ ಸದ್ದು ಮಾಡುತ್ತಿವೆ. ತಣ್ಣಗೂ ಆಗುತ್ತಿಲ್ಲ. ಅಡುಗೆಮನೆ ಎಕ್ಸಾಸ್ಟ್ ಕೂಡ ಹೊಗೆ ಸರಿ ಎಳೆಯುತ್ತಿಲ್ಲ.

ಥಾಣೆ ಮೆಕ್ಯಾನಿಕ್:

ಈಗಲೇ ಎಸಿ ಮೇನ್ ಬಂದ್ ಮಾಡಿ. ಕರೆಂಟಿನ ಮೂರು ಫೇಸಿನ ಕ್ರಮ ಉಲ್ಟಾ ಆಗಿದೆ. ನಿಮ್ಮದು ಸ್ಕ್ರೋಲ್ ಕಂಪ್ರೆಸರ್ ಇರಬೇಕು, ಅದು ಉಲ್ಟಾ ತಿರುಗಿದರೆ ಸದ್ದು ಮಾತ್ರ, ಪಂಪ್ ಮಾಡುವುದಿಲ್ಲ. ಎಕ್ಸಾಸ್ಟ್ ಮೋಟರಿನ ಕತೆಯೂ ಅದೇ. ಎಲೆಕ್ಟ್ರಿಷಿಯನ್‌ಗೆ ಹೇಳಿ ಮೇನ್‌ನಲ್ಲಿ ಎರಡು ಫೇಸ್ ಅದಲುಬದಲು ಮಾಡಿಸಿ, ಮೊದಲು ಎಕ್ಸಾಸ್ಟ್ ಸರಿ ಕಡೆ ತಿರುಗುತ್ತದಾ ನೋಡಿ, ಆಮೇಲೆ ಎಸಿ ಹಾಕಿ. ಪ್ಯಾನೆಲ್ಲಿನಲ್ಲಿ ಫೇಸ್ ಪ್ರಿವೆಂಟರ್ (ಫೇಸ್ ಉಲ್ಟಾ ಆದರೆ ಮೆಷಿನ್ ಶುರುವಾಗದಂತೆ ತಡೆಯುವುದು) ಇದೆಯಾ ನೋಡಿ. ಇದ್ದರೆ ಯಾರೋ ಬೈಪಾಸ್ ಮಾಡಿದ್ದಾರೆ, ಇಲ್ಲದಿದ್ದರೆ ಇವತ್ತೇ ಹಾಕಿಸಿ.